ಎಂಜಲಿನಲ್ಲಿ ಮೊದಲ ಸ್ಥಾನ

ನಮ್ಮ ಗುಮಾಸ್ತರಿಗೆ ಜಗತ್ತಿನಲ್ಲಿ ಗೊತ್ತಿಲ್ಲದ ವಿಷಯ ಒಂದೂ ಇರಲಿಲ್ಲ. ಇದು ಅವರೇ ಹೇಳಿದ ಮಾತು, ಆದ್ದರಿಂದ ನಂಬಬೇಕು. ನಲ್ಲಿ ಸೋರಿದರೆ "ಅದು ನನಗೆ ಗೊತ್ತು" ಎಂದು ಸ್ಪ್ಯಾನರ್ ಹಿಡಿಯುತ್ತಿದ್ದರು. ಆಮೇಲೆ ಪ್ಲಂಬರ್ ಬಂದು ಒಂದರ ಬದಲು ಎರಡು ನಲ್ಲಿ ರಿಪೇರಿ ಮಾಡಬೇಕಾಗುತ್ತಿತ್ತು. ಪಕ್ಕದ ಮನೆಯವರಿಗೆ ಸೊಂಟ ಹಿಡಿದುಕೊಂಡರೆ "ಅದೂ ಗೊತ್ತು" ಎಂದು ಒಂದು ವ್ಯಾಯಾಮ ಹೇಳಿಕೊಡುತ್ತಿದ್ದರು. ಪಕ್ಕದ ಮನೆಯವರು ಮೂರು ದಿನ ಮಲಗಿದ ಕಡೆಯಿಂದ ಏಳುತ್ತಿರಲಿಲ್ಲ. ಶಾಲೆಯ ಮಕ್ಕಳು ಅವರಿಗೆ 'ಗೊತ್ತು ಸಾರ್' ಎಂದು ಹೆಸರಿಟ್ಟಿದ್ದರು. ಅದು ಗೌರವದಿಂದ ಕೊಟ್ಟ ಬಿರುದು ಎಂದು ಗುಮಾಸ್ತರು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೂ ಉಂಟು.

ಅವರು ಕೆಲಸ ಮಾಡುತ್ತಿದ್ದುದು ಒಂದು ಸರ್ಕಾರಿ ಶಾಲೆಯಲ್ಲಿ. ನೂರ ನಲವತ್ತು ಮಕ್ಕಳು, ಏಳು ಜನ ಮೇಷ್ಟ್ರುಗಳು, ಒಬ್ಬರು ಹೆಡ್‌ಮಿಸ್ಟ್ರೆಸ್, ಒಬ್ಬರು ಗುಮಾಸ್ತರು. ಕಟ್ಟಡದ ಹಿಂದೆ ತಗಡಿನ ಚಾವಣಿಯ ಒಂದು ಅಡಿಗೆಮನೆ. ಅಲ್ಲಿ ಹದಿನೇಳು ವರ್ಷದಿಂದ ಮಧ್ಯಾಹ್ನದ ಊಟ ಬೇಯಿಸಿ ಹಾಕುತ್ತಿದ್ದವರು ಬೇರೆ ಯಾರೂ ಅಲ್ಲ, ಗುಮಾಸ್ತರ ಹೆಂಡತಿಯ ಅಕ್ಕ. ಶಾಲೆಗೆಲ್ಲ ಅವರು 'ಅಡಿಗೆ ಅಕ್ಕ', ಗುಮಾಸ್ತರಿಗೆ ಮಾತ್ರ ಅತ್ತಿಗೆ. ಗಂಡನಿಲ್ಲದ ಹೆಂಗಸು, ಇಬ್ಬರು ಹೆಣ್ಣುಮಕ್ಕಳು. ಶಾಲೆಯ ಒಲೆ ಉರಿದರೆ ಅವರ ಮನೆಯ ಒಲೆ ಉರಿಯುತ್ತಿತ್ತು. ಗುಮಾಸ್ತರು ಮದುವೆಗೆ ಹೆಣ್ಣು ನೋಡಲು ಹೋದ ದಿನ, ಹುಡುಗ ಬಾಯಿಬಡುಕ ಅಂತ ಮನೆಯವರೆಲ್ಲ ಮುಖ ತಿರುಗಿಸಿದಾಗ, "ಬಾಯಿ ದೊಡ್ಡದು, ಆದ್ರೆ ಮನಸ್ಸು ಕೆಟ್ಟದಲ್ಲ, ಕೊಡಿ" ಅಂದವರು ಈ ಅತ್ತಿಗೆ ಒಬ್ಬರೇ. ಆ ಋಣ ಗುಮಾಸ್ತರ ತಲೆಯ ಮೇಲೆ ಯಾವಾಗಲೂ ಇತ್ತು.

ಹೀಗಿರುವಾಗ ಒಂದು ಸುತ್ತೋಲೆ ಬಂತು. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಎಂಜಲನ್ನು ದಿನವೂ ತೂಗಿ, ಅದನ್ನು ಕಸದ ಗಾಡಿಗೆ ಹಾಕದೆ ಶಾಲೆಯಲ್ಲೇ ಗೊಬ್ಬರ ಮಾಡಿ, ವಾರಕ್ಕೊಮ್ಮೆ ತೂಕದ ವರದಿ ಕಳಿಸತಕ್ಕದ್ದು. ಹೆಡ್‌ಮಿಸ್ಟ್ರೆಸ್ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ನೋಡಿದರು. "ಗೊಬ್ಬರ ಮಾಡೋದು ಯಾರಿಗಾದ್ರೂ ಗೊತ್ತಾ?"

ಏಳು ಮೇಷ್ಟ್ರುಗಳೂ ಒಟ್ಟಿಗೇ ಕಿಟಕಿಯ ಆಚೆ ಏನೋ ನೋಡತೊಡಗಿದರು. ಫೈಲು ಕೊಡಲು ಬಂದಿದ್ದ ಗುಮಾಸ್ತರ ಬಾಯಿಯಿಂದ, ಅವರದೇ ಅಪ್ಪಣೆಗೂ ಕಾಯದೆ, ಆ ಮಾತು ಹೊರಬಿತ್ತು.

"ಅದು ನನಗೆ ಗೊತ್ತು ಮೇಡಂ."

"ನೋಡಿದ್ರಾ, ನೀವಿದ್ದೀರಲ್ಲ" ಎಂದು ಹೆಡ್‌ಮಿಸ್ಟ್ರೆಸ್ ಸುತ್ತೋಲೆಯನ್ನು ಅವರ ಕೈಗಿಟ್ಟು, ಅಲ್ಲಿಗೆ ಅದನ್ನು ಮರೆತರು.

ಗುಮಾಸ್ತರಿಗೆ ಸುತ್ತೋಲೆ ಓದುವುದಕ್ಕೆ ತಮ್ಮದೇ ಒಂದು ಕ್ರಮವಿತ್ತು. ಮೇಲೆ 'ವಿಷಯ' ಅಂತ ಇರುವ ಸಾಲು ಓದುವುದು, ವರದಿ ಕಳಿಸಬೇಕಾದ ದಿನ ಯಾವುದೆಂದು ಹುಡುಕುವುದು, ಸೀಲು ಹೊಡೆದು ಫೈಲಿಗೆ ಸೇರಿಸುವುದು. ನಡುವೆ ಇರುವುದು ಬರೆದವರ ಹೊಟ್ಟೆಪಾಡು ಎಂದು ಅವರ ಸಿದ್ಧಾಂತ. ಎರಡನೆಯ ಪುಟವನ್ನಂತೂ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಮ್ಮೆಯೂ ಮುಟ್ಟಿದವರಲ್ಲ. (ಈ ಕಥೆ ಹೇಳುತ್ತಿರುವವನೂ ಮುಟ್ಟಿದವನಲ್ಲ, ಆದ್ದರಿಂದ ಅವರನ್ನು ಆಡಿಕೊಳ್ಳುವ ಹಕ್ಕು ನನಗೆ ಸ್ವಲ್ಪ ಕಡಿಮೆ.) ಈ ಸುತ್ತೋಲೆಯ ಎರಡನೆಯ ಪುಟದಲ್ಲಿ ಇದ್ದದ್ದು ಇಷ್ಟು: ಎಂಜಲು ಕಡಿಮೆ ಮಾಡುವುದೇ ಈ ಯೋಜನೆಯ ಉದ್ದೇಶ, ಎಂಜಲು ವಿಪರೀತವಾಗಿರುವ ಶಾಲೆಯಲ್ಲಿ ಊಟ ರುಚಿಯಾಗಿಲ್ಲವೆಂದು ಭಾವಿಸಿ, ಅಡಿಗೆಯವರನ್ನು ತೆಗೆದು, ಊಟವನ್ನು ಹೊರಗಿನಿಂದ ತರಿಸಲಾಗುವುದು.

ಗುಮಾಸ್ತರು ಅದರ ಮೇಲೆ 'ಓದಿದೆ' ಎಂದು ಬರೆದು ಸಹಿ ಹಾಕಿದರು.

ಮೊದಲ ವಾರ ಎಲ್ಲ ಸರಿಯಾಗಿಯೇ ನಡೆಯಿತು. ಕಾಂಪೌಂಡ್ ಗೋಡೆಯ ಪಕ್ಕ ಇಟ್ಟಿಗೆ ಜೋಡಿಸಿ ಒಂದು ತೊಟ್ಟಿ ಕಟ್ಟಿಸಿದರು. ಊಟವಾದ ಮೇಲೆ ಮಕ್ಕಳು ತಟ್ಟೆ ಕೆರೆದು ಬಕೆಟ್ಟಿಗೆ ಹಾಕುವುದು, ಗುಮಾಸ್ತರು ಅದನ್ನು ತೂಗಿ ರಿಜಿಸ್ಟರಿನಲ್ಲಿ ಬರೆಯುವುದು. ದಿನಕ್ಕೆ ಹೆಚ್ಚೆಂದರೆ ನಾಲ್ಕು ಕಿಲೋ ಆಗುತ್ತಿತ್ತು. ನಾಲ್ಕು ಎಂದೇ ಬರೆದು ಕಳಿಸಿದರು.

ಸೋಮವಾರ ಸೇತುವೆಯಾಚೆಯ ಶಾಲೆಯ ಗುಮಾಸ್ತರ ಫೋನು ಬಂತು. ಅವರೂ ಇವರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅಂದಿನಿಂದ ಒಬ್ಬರಿಗೊಬ್ಬರು ಒಂದು ಗುಲಗಂಜಿಯಷ್ಟೂ ಬಿಟ್ಟುಕೊಟ್ಟವರಲ್ಲ.

"ಏನ್ ಹೇಳ್ಲಿ, ನಮ್ಮದು ಒಂಬತ್ತಕ್ಕೆ ಹೋಗ್ಬಿಡ್ತು ಕಣ್ರೀ" ಎಂದರು ಅವರು. ಪಾಪ, ಅವರು ಸಂಕಟದಿಂದ ಹೇಳಿದ್ದು. "ನಿಮ್ಮದೆಷ್ಟು?"

ನಮ್ಮ ಗುಮಾಸ್ತರ ಕಿವಿ ಬಿಸಿಯಾಯಿತು. ಹಾಜರಾತಿ ಇರಲಿ, ಪಾಸಾದವರ ಸಂಖ್ಯೆ ಇರಲಿ, ನೆಟ್ಟ ಗಿಡಗಳ ಸಂಖ್ಯೆ ಇರಲಿ, ಮೇಲಕ್ಕೆ ಹೋಗುವ ಅಂಕಿ ಯಾವಾಗಲೂ ದೊಡ್ಡದಾಗಿರಬೇಕು ಎಂಬುದು ಅವರು ಇಪ್ಪತ್ತೆರಡು ವರ್ಷ ಕಂಡುಂಡ ಸತ್ಯ. ಅಂಥದರಲ್ಲಿ ಅವನದು ಒಂಬತ್ತು, ನನ್ನದು ನಾಲ್ಕೇ?

"ಇನ್ನೂ ತೂಗ್ತಾ ಇದ್ದೀವಿ" ಎಂದು ಫೋನ್ ಇಟ್ಟರು.

ಮರುದಿನ ಊಟದ ಹೊತ್ತಿಗೆ ಸ್ವತಃ ಸಾಲುಗಳ ನಡುವೆ ಓಡಾಡಿದರು. ಎರಡು ಜಡೆಯ ಒಂದು ಪುಟ್ಟ ಹುಡುಗಿ ಬೆರಳು ನೆಕ್ಕುತ್ತಿತ್ತು. ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿದರು, "ಸ್ವಲ್ಪ ಬಿಡಮ್ಮ, ಶಾಲೆಗೋಸ್ಕರ."

"ಬಿಟ್ರೆ ಅಕ್ಕ ಬೈತಾರೆ ಸಾರ್."

"ಹಾಗಾದ್ರೆ ಇನ್ನೊಂದು ಸೌಟು ಹಾಕಿಸ್ಕೋ. ಅದನ್ನ ಬಿಡು."

ಹುಡುಗಿ ಹಾಕಿಸಿಕೊಂಡು ಬಂತು. ಅದನ್ನೂ ತಿಂದು ತಟ್ಟೆ ತೋರಿಸಿತು. ಅಂದು ತೂಕ ಮೂರೂವರೆಗೆ ಇಳಿಯಿತು.

ಮಕ್ಕಳನ್ನು ನಂಬಿದರೆ ಕೆಲಸ ಕೆಟ್ಟಿತು ಎಂದುಕೊಂಡ ಗುಮಾಸ್ತರು ಬೇರೆ ದಾರಿ ಹಿಡಿದರು. ಮೊದಲು ಮನೆಯ ತರಕಾರಿ ಸಿಪ್ಪೆ ಚೀಲದಲ್ಲಿ ಶಾಲೆಗೆ ಬಂತು. "ರೀ, ಜನ ಮನೆಯಿಂದ ಊಟದ ಡಬ್ಬಿ ತಗೊಂಡು ಹೋಗ್ತಾರೆ, ನೀವು ಕಸ ತಗೊಂಡು ಹೋಗ್ತೀರಲ್ಲ" ಎಂದು ಹೆಂಡತಿ ಕೇಳಿದ್ದಕ್ಕೆ, "ಇದೆಲ್ಲ ನಿನಗೆ ಗೊತ್ತಾಗಲ್ಲ" ಎಂದರು. ಅಂದು ಆರು ಕಿಲೋ. ಬೀದಿಯ ತರಕಾರಿ ಅಂಗಡಿಯವನಿಗೆ ವಿಷಯ ಹೇಳಿದರು. ಅವನು ಬಾಡಿದ ಸೊಪ್ಪು, ಕೊಳೆತ ಟೊಮೇಟೊ, ಎಲೆಕೋಸಿನ ಹೊರಗಿನ ಎಲೆ ಎಲ್ಲವನ್ನೂ ಗಾಡಿಯಲ್ಲಿ ತಂದು ಸುರಿದ. ಇಪ್ಪತ್ತೊಂಬತ್ತು. ಸೆಲೂನಿನವನು ಒಂದು ಸಂಜೆ ಗುಮಾಸ್ತರ ಗಡ್ಡ ಕೆರೆಯುತ್ತ, "ಕೂದಲು ಗೊಬ್ಬರಕ್ಕೆ ಭಾಳ ಒಳ್ಳೇದಂತೆ ಸಾರ್, ಪೇಪರಲ್ಲಿ ಬಂದಿತ್ತು" ಎಂದ. ಕತ್ತಿ ಕುತ್ತಿಗೆಯ ಮೇಲಿದ್ದಾಗ ಯಾರೂ ಇಲ್ಲ ಅನ್ನುವುದಿಲ್ಲ. "ಗೊತ್ತು" ಎಂದರು ಗುಮಾಸ್ತರು. ಮರುದಿನದಿಂದ ಬೀದಿಯವರ ಕೂದಲೂ ಬಂತು.

ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರಂತೂ ದಿನಾ ಬೆಳಿಗ್ಗೆ ತಮ್ಮ ಅಂಗಳದ ಒಣ ಎಲೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ತರುತ್ತಿದ್ದರು. ಆದರೆ ಕೊಟ್ಟದ್ದಕ್ಕೆ ರಸೀದಿ ಬೇಕೇ ಬೇಕು. ಮೂವತ್ತೈದು ವರ್ಷ ರಸೀದಿಯಿಲ್ಲದೆ ಒಂದು ಪಾರ್ಸಲನ್ನೂ ಮುಟ್ಟದ ಜೀವ ಅದು. "ಒಣ ಎಲೆ, ಎರಡು ಕಿಲೋ ಮುನ್ನೂರು ಗ್ರಾಂ, ಸ್ವೀಕರಿಸಿದೆ" ಎಂದು ಗುಮಾಸ್ತರು ಬರೆದು ಸಹಿ ಹಾಕಿ ಕೊಡಬೇಕಿತ್ತು. ಇದನ್ನು ನೋಡಿ ತರಕಾರಿಯವನೂ ಸೆಲೂನಿನವನೂ ನಮಗೂ ರಸೀದಿ ಬೇಕು ಅಂದರು. ಸೆಲೂನಿನ ಗೋಡೆಗೆ "ಕೂದಲು, ಏಳುನೂರು ಗ್ರಾಂ" ಎಂಬ ರಸೀದಿ ಕನ್ನಡಿಯ ಪಕ್ಕ ಅಂಟಿಕೊಂಡಿತು.

ಇಷ್ಟನ್ನೂ ಗುಮಾಸ್ತರು ಬಕೆಟ್ಟಿನ ಸಮೇತ ತೂಗಿ, 'ಮಕ್ಕಳು ಬಿಟ್ಟ ಎಂಜಲು' ಎಂಬ ಕಾಲಮ್ಮಿನಲ್ಲಿ ಬರೆಯುತ್ತಿದ್ದರು. ಬೇರೆ ಕಾಲಮ್ಮು ಇರಲಿಲ್ಲ, ಅವರೇನು ಮಾಡಬೇಕು? ಐದನೆಯ ವಾರ ಅಂಕಿ ಅರವತ್ತೆರಡಕ್ಕೆ ಹೋಗಿ ನಿಂತಿತು. ಹೆಡ್‌ಮಿಸ್ಟ್ರೆಸ್ ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಸೇತುವೆಯಾಚೆಯವರ ಫೋನು ನಿಂತೇ ಹೋಯಿತು, ಅದೇ ದೊಡ್ಡ ಗೆಲುವು ಎಂದು ಗುಮಾಸ್ತರು ಎರಡು ದಿನ ಸಿಳ್ಳೆ ಹಾಕಿಕೊಂಡು ಓಡಾಡಿದರು.

ಆಮೇಲೆ ಮೇಲಿನ ಆಫೀಸಿನಿಂದ ಪತ್ರ ಬಂತು. "ನಿಮ್ಮ ಶಾಲೆಯು ಎಂಜಲಿನ ತೂಕದಲ್ಲಿ ಎಪ್ಪತ್ತೊಂದು ಶಾಲೆಗಳ ಪೈಕಿ ಮೊದಲ ಸ್ಥಾನದಲ್ಲಿದ್ದು, ಈ ಸಂಬಂಧ ಮುಂದಿನ ಕ್ರಮಕ್ಕಾಗಿ ಅಧಿಕಾರಿಗಳು ಬುಧವಾರ ಖುದ್ದಾಗಿ ಭೇಟಿ ನೀಡುವರು." ಗುಮಾಸ್ತರು ತಮ್ಮ ಕ್ರಮದಂತೆಯೇ ಓದಿದರು: ಮೊದಲ ಸ್ಥಾನ, ಬುಧವಾರ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಅತ್ತಿಗೆಯ ಮನೆಗೂ ಹೋಗಿ ಹೇಳಿ ಬಂದರು. "ನಿಮ್ಮನ್ನೂ ಮುಂದೆ ಕರೀತೀನಿ ಅತ್ತಿಗೆ, ಒಳ್ಳೆ ಸೀರೆ ಉಟ್ಟು ಬನ್ನಿ." ಅತ್ತಿಗೆಗೆ ಎಂಜಲಿಗೂ ತಮಗೂ ಏನು ಸಂಬಂಧ ಎಂದು ತಿಳಿಯಲಿಲ್ಲ. ಆದರೂ ತಂಗಿಯ ಗಂಡ ಇಷ್ಟು ಸಂತೋಷದಲ್ಲಿರುವಾಗ ಕೇಳುವುದು ಬೇಡವೆಂದು ಸುಮ್ಮನಾದರು.

ಬುಧವಾರ ಅಡಿಗೆಮನೆಯ ಮುಂದಿನ ಊಟದ ಹಾಲಿನಲ್ಲಿ ಮೇಜು ಹಾಕಿ ಬಟ್ಟೆ ಹಾಸಿದ್ದರು. ಮೊದಲ ಸಾಲಿನಲ್ಲಿ ಪೋಸ್ಟ್‌ಮಾಸ್ಟರು, ತರಕಾರಿಯವನು, ಅಂಗಡಿಗೆ ಬೀಗ ಹಾಕಿ ಬಂದ ಸೆಲೂನಿನವನು. ಗುಮಾಸ್ತರ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಗುಮಾಸ್ತರ ಮೈಮೇಲೆ ತಗಡಿನ ಹಾಗೆ ನಿಂತಿತ್ತು. ಹನ್ನೆರಡು ಗಂಟೆಗೆ ಅಧಿಕಾರಿ ಬಂದರು. ಸಣಕಲು ಮನುಷ್ಯ, ಕಂಕುಳಲ್ಲಿ ಫೈಲು. ಕೂರಿ ಎಂದರೆ ಕೂರಲಿಲ್ಲ.

"ಇಲ್ಲಿ ಅಡಿಗೆಯವರು ಯಾರು?"

ಗುಮಾಸ್ತರು ಅತ್ತಿಗೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮುಂದೆ ತಂದರು. "ಇವರೇ ಸಾರ್. ಇವರಿಲ್ಲದಿದ್ರೆ ಈ ಮೊದಲ ಸ್ಥಾನ ನಮಗೆ ಬರ್ತಾನೇ ಇರ್ಲಿಲ್ಲ."

"ಹೌದಾ" ಎಂದು ಅಧಿಕಾರಿ ಬರೆದುಕೊಂಡರು. "ನೀವೇ ಒಪ್ಕೋತೀರಿ."

"ಧಾರಾಳವಾಗಿ. ನನ್ನ ಹೆಂಡತಿ ಅಕ್ಕ ಸಾರ್, ನಮ್ಮ ಕುಟುಂಬದವರೇ."

ಅಧಿಕಾರಿ ಅದನ್ನೂ ಬರೆದುಕೊಂಡು, ಫೈಲಿನಿಂದ ಒಂದು ಕಾಗದ ತೆಗೆದು ಓದಿದರು. ದಿನಕ್ಕೆ ಅರವತ್ತೆರಡು ಕಿಲೋ ಊಟವನ್ನು ಮಕ್ಕಳು ಬಾಯಿಗೆ ಹಾಕಲಾರದೆ ಬಿಸಾಡುತ್ತಿರುವುದರಿಂದ, ಸೋಮವಾರದಿಂದ ಈ ಅಡಿಗೆಮನೆ ಮುಚ್ಚುವುದು, ಅಡಿಗೆಯವರನ್ನು ಕೆಲಸದಿಂದ ಬಿಡುಗಡೆ ಮಾಡುವುದು.

ಚಪ್ಪಾಳೆಗೆಂದು ಎತ್ತಿದ್ದ ಗುಮಾಸ್ತರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅತ್ತಿಗೆ ಅಧಿಕಾರಿಯ ಕಡೆ ನೋಡಲೇ ಇಲ್ಲ. ಗುಮಾಸ್ತರ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದರು, "ನನ್ನ ಅಡಿಗೆ ಮಕ್ಕಳು ಬಿಸಾಡ್ತಾರಾ? ನಿಮಗೆ ಗೊತ್ತಿತ್ತಾ?"

ಗುಮಾಸ್ತರು ಮೇಜಿನ ಮೇಲಿದ್ದ ತಮ್ಮ ಫೈಲು ಬಿಚ್ಚಿ, ಜನ್ಮದಲ್ಲೇ ಮೊದಲ ಸಲ ಸುತ್ತೋಲೆಯೊಂದರ ಎರಡನೆಯ ಪುಟ ಓದಿದರು.

ಅಷ್ಟರಲ್ಲಿ ಅಧಿಕಾರಿ ಕೇಳಿದರು, "ದಿನಕ್ಕೆ ಎಷ್ಟು ಬೇಯಿಸ್ತೀರಮ್ಮ?"

"ಎಲ್ಲ ಸೇರಿ ನಲವತ್ತೆರಡು ಕಿಲೋ ಆಗ್ಬಹುದು ಸಾರ್."

"ಬೇಯಿಸಿದ್ದು ನಲವತ್ತೆರಡು. ಬಿಟ್ಟಿದ್ದು ಅರವತ್ತೆರಡು." ಅಧಿಕಾರಿ ಅದನ್ನೂ ಬರೆದುಕೊಂಡರು. "ಹಾಗಾದ್ರೆ ಇದು ನಾವು ಅಂದುಕೊಂಡಿದ್ದಕ್ಕಿಂತ ಗಂಭೀರ. ಬೇಯಿಸಿದ್ದಕ್ಕಿಂತ ಇಪ್ಪತ್ತು ಕಿಲೋ ಜಾಸ್ತಿ ಬಿಟ್ಟಿದ್ದಾರೆ ಅಂದ್ರೆ ಅಡಿಗೆ ಹೇಗಿರಬೇಕು."

"ಸಾರ್, ತಪ್ಪು ನನ್ನದು" ಎಂದರು ಗುಮಾಸ್ತರು. ದನಿ ಅವರದೇ ಎಂದು ಅವರಿಗೇ ನಂಬಿಕೆ ಬರಲಿಲ್ಲ. "ಅಂಕಿ ಜಾಸ್ತಿ ಇದ್ರೆ ಬಹುಮಾನ ಅಂದ್ಕೊಂಡೆ. ಊರ ಕಸ ಎಲ್ಲ ತಂದು ತೂಗಿ ಬರೆದೆ. ಸುತ್ತೋಲೆ ಎರಡನೇ ಪುಟ ಓದಲಿಲ್ಲ. ನನಗೆ... ನನಗೆ ಗೊತ್ತಿರ್ಲಿಲ್ಲ."

ಆ ಕೊನೆಯ ಶಬ್ದ ಕೇಳಿ ಹೆಡ್‌ಮಿಸ್ಟ್ರೆಸ್ ಕುರ್ಚಿ ಹಿಡಿದುಕೊಂಡರು. ಅಧಿಕಾರಿ ಮಾತ್ರ ನಕ್ಕುಬಿಟ್ಟರು.

"ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಮನುಷ್ಯ ಎಂಜಲು ಹೆಚ್ಚಾದ್ರೆ ಬಹುಮಾನ ಅಂದ್ಕೊಳ್ಳೋದುಂಟೇನ್ರೀ? ಇಷ್ಟು ದಡ್ಡರು ಇರೋಕೆ ಸಾಧ್ಯ ಇಲ್ಲ. ಸಂಬಂಧಿಕರನ್ನ ಉಳಿಸೋಕೆ ದಡ್ಡನ ವೇಷ ಹಾಕ್ತಿದ್ದೀರಿ."

"ವೇಷ ಅಲ್ಲ ಸಾರ್" ಎಂದು ಹಿಂದಿನಿಂದ ಗುಮಾಸ್ತರ ಹೆಂಡತಿ ಎದ್ದು ನಿಂತರು. "ಹದಿನಾರು ವರ್ಷದಿಂದ ನೋಡ್ತಿದ್ದೀನಿ."

ಈಗ ಗುಮಾಸ್ತರಿಗೆ ಬಂದ ಕಷ್ಟ ಶತ್ರುವಿಗೂ ಬೇಡ. ಬುದ್ಧಿವಂತ ಎನಿಸಿಕೊಳ್ಳಲು ಜನ್ಮವಿಡೀ ಹೆಣಗಿದವರು, ಇನ್ನು ಅರ್ಧ ಗಂಟೆಯಲ್ಲಿ ತಾವು ಶುದ್ಧ ದಡ್ಡರೆಂದು ಸಾಬೀತು ಮಾಡಬೇಕು. ಸೊಂಟ ಕಟ್ಟಿ ನಿಂತರು. ನಲ್ಲಿ ರಿಪೇರಿ ಹೇಳಿದರು, ಪಕ್ಕದ ಮನೆಯವರ ಸೊಂಟ ಹೇಳಿದರು. ಪರಸ್ಥಳದ ಮದುವೆಗೆ ದಾರಿ ಗೊತ್ತೆಂದು ಬಸ್ ತುಂಬ ನೆಂಟರನ್ನು ಬೇರೆ ಯಾರದೋ ಮದುವೆಗೆ ಕರೆದೊಯ್ದು, ಎಲ್ಲರೂ ಅಲ್ಲೇ ಉಂಡು ಬಂದದ್ದನ್ನು ಹೇಳಿದರು. ನಡುವೆ ಒಂದರ ಇಸವಿ ತಪ್ಪಾಯಿತು, ಹೆಂಡತಿ ತಿದ್ದಿದರು. ಮೇಷ್ಟ್ರುಗಳು ಒಬ್ಬೊಬ್ಬರಾಗಿ ಬಂದು ತಮ್ಮ ಪಾಲಿನದನ್ನು ಸೇರಿಸಿದರು. ಸಾಕ್ಷಿ ಹೇಳಲು ಅಷ್ಟು ಉತ್ಸಾಹವನ್ನು ಆ ಹಾಲು ಹಿಂದೆಂದೂ ಕಂಡಿರಲಿಲ್ಲ.

"ಬಾಯಿಮಾತು ಯಾರು ಬೇಕಾದ್ರೂ ಆಡ್ತಾರೆ" ಎಂದರು ಅಧಿಕಾರಿ. "ದಾಖಲೆ ಇದೆಯಾ?"

ಪೋಸ್ಟ್‌ಮಾಸ್ಟರು ನಿಧಾನವಾಗಿ ಎದ್ದು, ದಾರದಲ್ಲಿ ಪೋಣಿಸಿದ ಇಪ್ಪತ್ತಾರು ರಸೀದಿಗಳನ್ನು ಮೇಜಿನ ಮೇಲಿಟ್ಟರು. ತರಕಾರಿಯವನೂ ಜೇಬಿನಿಂದ ತನ್ನದನ್ನು ತೆಗೆದ. ಸೆಲೂನಿನವನು ಓಡಿಹೋಗಿ ಗೋಡೆಯದನ್ನು ಕಿತ್ತು ತಂದ.

"ಕೂದಲು, ಏಳುನೂರು ಗ್ರಾಂ, ಸ್ವೀಕರಿಸಿದೆ" ಎಂದು ಅಧಿಕಾರಿ ಗಟ್ಟಿಯಾಗಿ ಓದಿದರು. ಸಹಿ ನೋಡಿದರು, ಸೀಲು ನೋಡಿದರು, ಕೊನೆಗೆ ಗುಮಾಸ್ತರ ಮುಖ ನೋಡಿದರು. "ಸೀಲು ಬೇರೆ ಹೊಡೆದಿದ್ದೀರಲ್ರೀ. ಸರಿ, ನಂಬಿದೆ. ನೀವು ದಡ್ಡರೇ."

"ಥ್ಯಾಂಕ್ಸ್ ಸಾರ್" ಎಂದರು ಗುಮಾಸ್ತರು, ಮನಸಾರೆ.

"ಆದ್ರೆ ಇದರಿಂದ ನಿಮ್ಮ ವಿಷಯ ಗೊತ್ತಾಯ್ತೇ ಹೊರತು ಅಡಿಗೆ ವಿಷಯ ಗೊತ್ತಾಗ್ಲಿಲ್ಲ. ಇವತ್ತಿನ ಊಟ ನನ್ನ ಕಣ್ಣೆದುರಿಗೆ ಆಗ್ಲಿ. ಉಳಿದದ್ದನ್ನ ನಾನೇ ತೂಗ್ತೀನಿ. ಆಮೇಲೆ ಈ ಆದೇಶ ಇಟ್ಕೊಳ್ಳೋದಾ ಹರಿಯೋದಾ ನೋಡೋಣ."

ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ಬಂದು ಕೂತರು. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನದಂತೆಯೇ ಬಡಿಸಿದರು: ಅನ್ನ, ಬೇಳೆ ಸಾರು, ಪಲ್ಯ. ಬೀದಿಯವರಿಗೂ ತಟ್ಟೆ ಬಂತು, ಅಧಿಕಾರಿಗೂ ಬಂತು. ರುಚಿ ನೋಡುವುದು ಕರ್ತವ್ಯ ಎಂದು ಒಂದು ತುತ್ತು ಬಾಯಿಗೆ ಹಾಕಿದ ಅಧಿಕಾರಿ ತಟ್ಟೆಯನ್ನೇ ಖಾಲಿ ಮಾಡಿದರು. ಎರಡನೆಯ ಸಲ ಸಾರು ಹಾಕಿಸಿಕೊಂಡರು. ಅದೂ ಕರ್ತವ್ಯವೇ ಇರಬೇಕು.

ಊಟ ಮುಗಿದು ಬಕೆಟ್ಟನ್ನು ತೂಗಿದಾಗ, ಬಕೆಟ್ಟಿನ ತೂಕ ಕಳೆದು, ಎರಡು ಕಿಲೋ ಎಂಟುನೂರು ಗ್ರಾಂ ಬಂತು. ನೂರ ನಲವತ್ತು ಮಕ್ಕಳಿಗೆ ಇದು ಏನೂ ಅಲ್ಲ. ಅಧಿಕಾರಿ ಆದೇಶವನ್ನು ಎರಡಾಗಿ ಹರಿದು, ಆ ಚೂರುಗಳನ್ನು ಎಲ್ಲಿ ಹಾಕುವುದೆಂದು ನೋಡುತ್ತ, ಮೇಜಿನ ತುದಿಯಲ್ಲಿ ಬಡಿಸಿದ ಹಾಗೆಯೇ ಇದ್ದ ಒಂದು ತಟ್ಟೆಯನ್ನು ಕಂಡರು.

"ಇದ್ಯಾರದು? ಒಂದು ಅಗುಳೂ ಮುಟ್ಟಿಲ್ಲವಲ್ಲ."

ಗುಮಾಸ್ತರು ತಲೆ ತಗ್ಗಿಸಿದರು. ಬಕೆಟ್ಟಿಗೆ ಹಾಕೋಣವೆಂದರೆ ಅತ್ತಿಗೆಯ ಕೆಲಸಕ್ಕೆ ಕುತ್ತು, ತಿನ್ನೋಣವೆಂದರೆ ಕೈ ಬಾಯಿಗೆ ಹೋಗುತ್ತಿರಲಿಲ್ಲ. ತಟ್ಟೆಯನ್ನು ಹಾಗೇ ಬಿಟ್ಟು ತುಸು ದೂರ ಸರಿದು ಕೂತುಬಿಟ್ಟಿದ್ದರು.

ಅಧಿಕಾರಿ ಹೋದರು. ಹೋಗುವಾಗ ಗುಮಾಸ್ತರಿಂದ "ಮೇಲ್ಕಂಡ ತಪ್ಪು ನನ್ನ ದಡ್ಡತನದಿಂದ ಆದದ್ದು" ಎಂದು ಮೂರು ಪ್ರತಿ ಬರೆಸಿಕೊಂಡೇ ಹೋದರು. ಬೀದಿಯವರೂ ಹೋದರು, ಮಕ್ಕಳು ತರಗತಿಗೆ ಹೋದರು. ಗುಮಾಸ್ತರ ಹೆಂಡತಿ ಗಂಡನ ಕಡೆ ನೋಡದೆ ಪಾತ್ರೆ ತೊಳೆಯಲು ಒಳಗೆ ಹೋದರು. ಹಾಲಿನಲ್ಲಿ ಉಳಿದವರು ಗುಮಾಸ್ತರು, ಅವರ ತಟ್ಟೆ, ಕೈಯಲ್ಲಿ ಸೌಟು ಹಿಡಿದ ಅತ್ತಿಗೆ.

"ಅತ್ತಿಗೆ, ನಾನು..." ಎಂದು ಗುಮಾಸ್ತರು ಶುರುಮಾಡಿದರು.

ಅತ್ತಿಗೆ ಎದುರಿನ ಬೆಂಚಿನ ಮೇಲೆ ಕೂತು, ತಟ್ಟೆಯನ್ನು ಅವರ ಕಡೆಗೆ ಸರಿಸಿದರು. "ಹದಿನೇಳು ವರ್ಷದಲ್ಲಿ ನನ್ನ ಅಡಿಗೆ ಮುಟ್ಟದೆ ಬಿಟ್ಟವರು ನೀವೊಬ್ಬರೇ" ಎಂದರು. "ಉಣ್ಣಿ."

ಗುಮಾಸ್ತರು ಉಂಡರು. ಅನ್ನ ತಣ್ಣಗಾಗಿತ್ತು, ಸಾರು ಕೆನೆಗಟ್ಟಿತ್ತು. ಕೊನೆಯ ಅಗುಳನ್ನು ಬೆರಳಿನಲ್ಲಿ ಒತ್ತಿ ತೆಗೆದು ಬಾಯಿಗಿಟ್ಟ ಮೇಲೆ, ಅತ್ತಿಗೆ ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಬೇಡ ಅನ್ನುವ ಧೈರ್ಯ ಗುಮಾಸ್ತರಿಗೆ ಆಗಲಿಲ್ಲ. ಬೇಡ ಅನ್ನುವ ಮನಸ್ಸೂ ಇರಲಿಲ್ಲ.